ಭಕ್ತರು ಬರೆದ ಜೋಸೆಫ್ ಸ್ಮಿತ್ ಚರಿತ್ರೆ: ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ.

ಮಾರ್ಮನ್ ಅನ್ನೋ ಕ್ರೈಸ್ತ ಪಂಥ ಅಮೆರಿಕದ್ದು, ನಮಗೇಕೆ ಅನ್ನಬಹುದು. ಬೆಂಗಳೂರಿನಲ್ಲೂ ಅವರ ದೇವಾಲಯ ಕಟ್ಟುವುದಾಗಿ 2018ರಲ್ಲೇ ಘೋಷಣೆಯಾಗಿದೆ. 1830ರಲ್ಲಿ ಈ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಎಂಥವರು ಅಂತ ಕೇಳಿದರೆ ಭಕ್ತರು ಪುಸ್ತಕಗಳ ರಾಶಿಯನ್ನೇ ಮುಂದಿಡುತ್ತಾರೆ. ಅದರಲ್ಲಿ ಎಷ್ಟನ್ನು ನಂಬೋದು?

ಹೆತ್ತ ತಾಯಿಗಿಂತ ಅಕ್ಕರೆಯಿಂದ ಬರೆಯೋರು ಯಾರಿದ್ದಾರೆ? 1844ರ ಜೂನ್ 27ರಂದು ಇಲಿನಾಯ್ ರಾಜ್ಯದ ಕಾರ್ತೇಜ್ ಜೈಲಿಗೆ ಜನ ನುಗ್ಗಿ ಸ್ಮಿತ್ ಅವರನ್ನು ಕೊಂದರು. ಆಮೇಲೆ ತಾಯಿ ಲೂಸಿ ಹೇಳಿ ಬರೆಸಿದ ಪುಸ್ತಕ 1853ರಲ್ಲಿ ಲಿವರ್‌ಪೂಲ್‌ನಲ್ಲಿ ಅಚ್ಚಾಯಿತು. 1865ರಲ್ಲಿ ಪಂಥದ ನಾಯಕ ಬ್ರಿಗಮ್ ಯಂಗ್ ಆ ಪ್ರತಿಗಳನ್ನೆಲ್ಲ ವಾಪಸ್ ತರಿಸಲು ಹೇಳಿದರು! ಅದರಲ್ಲಿ ತಪ್ಪುಗಳಿವೆ ಅನ್ನೋದು ಅವರ ಮಾತು. ಯಂಗ್ ಅವರಿಗೆ ಆಗದ, ಸ್ಮಿತ್ ಅವರ ತಮ್ಮ ವಿಲಿಯಂನನ್ನು ಲೂಸಿ ಹೊಗಳಿದ್ದೂ ಕಾರಣ ಅಂತ ಇತಿಹಾಸಕಾರರು ಹೇಳುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪಂಥದ ಅಧಿಕೃತ ಇತಿಹಾಸ ಸ್ಮಿತ್ ಅವರೇ ಕೂತು ಬರೆದ ಹಾಗೆ "ನಾನು, ನಾನು" ಅಂತ ಸಾಗುತ್ತದೆ. ಆದರೆ ಅವರು ಸಾಯುವಾಗ ಅದು 1838ರ ಆಗಸ್ಟ್‌ವರೆಗಿನ ಕಥೆಗೆ ಮಾತ್ರ ಬಂದಿತ್ತು. ಉಳಿದದ್ದನ್ನು ಗುಮಾಸ್ತರು 1856ರ ಹೊತ್ತಿಗೆ ಮುಗಿಸಿದರು. ಬೇರೆಯವರ ಡೈರಿಯಲ್ಲಿ "ಜೋಸೆಫ್ ಹೇಳಿದರು" ಅಂತಿದ್ದದ್ದು "ನಾನು ಹೇಳಿದೆ" ಅಂತಾಯಿತು. ಆ ಕಾಲಕ್ಕೆ ಅದೇನು ವಿಚಿತ್ರವಲ್ಲ ಅನ್ನಿ.

ಆದರೆ 1843ರ ಅಕ್ಟೋಬರ್ 5ರ ಪುಟ ನೋಡಿ. ಬಹುಪತ್ನಿತ್ವವನ್ನು ಜೋಸೆಫ್ ನಿಷೇಧಿಸಿದ್ದಾರೆ, ಒಬ್ಬನಿಗೆ ಒಬ್ಬಳೇ ಹೆಂಡತಿ ಅಂತ ಸ್ಮಿತ್ ಅವರ ಕಾರ್ಯದರ್ಶಿ ಬರೆದ ಡೈರಿಯಲ್ಲಿದೆ. ಅಚ್ಚಾದ ಇತಿಹಾಸದಲ್ಲಿ ಅದಕ್ಕೊಂದು ಬಾಲ ಬೆಳೆದಿದೆ: ದೇವರ ಅಪ್ಪಣೆಯಾದರೆ ಮಾತು ಬೇರೆ! ಅಷ್ಟರಲ್ಲಿ, 1852ರಲ್ಲೇ, ಸ್ಮಿತ್ ಸತ್ತ ಮೇಲೆ ಯೂಟಾಕ್ಕೆ ಹೋಗಿ ನೆಲೆಸಿದ್ದ ಪಂಥದ ನಾಯಕರು ಬಹುಪತ್ನಿತ್ವವನ್ನು ಬಹಿರಂಗವಾಗಿ ಸಾರಿದ್ದರು. ಹಳೆಯ ಮಾತು ಹೊಸ ನೀತಿಗೆ ಹೊಂದಬೇಕಿತ್ತು, ಅಲ್ವಾ? ಹಾಗಂತ ಡೈರಿಯ ಸಾಲೂ ಪೂರ್ತಿ ನಿಜವಲ್ಲ. ಸ್ಮಿತ್ ಅಷ್ಟರಲ್ಲಾಗಲೇ ಗುಟ್ಟಾಗಿ ಹಲವು ಮದುವೆ ಆಗಿದ್ದರು. ಈ "ನಾನು"ವನ್ನು ನಂಬಿ ಬರೆದ ಭಕ್ತರು ಸುಳ್ಳು ಹೇಳಿದರು ಅನ್ನಲಾರೆ. ಅವರ ಕೈಗೆ ಸಿಕ್ಕ ಸಾಕ್ಷಿಯೇ ತಿದ್ದಿದ್ದು.

ಹಾಗಾದರೆ ದ್ವೇಷದಿಂದ, ಇಲ್ಲ ದೂರ ನಿಂತು ಬರೆದವರನ್ನು ನಂಬೋಣವೇ? ಮಾರ್ಮನ್ ಮನೆಯಲ್ಲೇ ಹುಟ್ಟಿದ ಫಾನ್ ಬ್ರೋಡಿ 1945ರಲ್ಲಿ ಸ್ಮಿತ್ ಅವರ ಬಗ್ಗೆ ಖಡಕ್ಕಾಗಿ ಬರೆದರು. ಮರುವರ್ಷ ಪಂಥದಿಂದ ಹೊರಗೆ ಹಾಕಿದರು. ಇಂದಿಗೂ ಓದಿಸಿಕೊಂಡು ಹೋಗುವ ಪುಸ್ತಕ. ಆದರೆ ಇವು ಸ್ಮಿತ್ ಮಕ್ಕಳಿರಬಹುದು ಅಂತ ಅವರು ಊಹಿಸಿದ ಹಲವರ ವಿಷಯದಲ್ಲಿ ಮುಂದೆ ಡಿಎನ್‌ಎ ಪರೀಕ್ಷೆ ಅಲ್ಲ ಅಂದಿತು. 2005ರಲ್ಲಿ ಬರೆದ ರಿಚರ್ಡ್ ಬುಶ್‌ಮನ್ ಇತಿಹಾಸದ ಪ್ರೊಫೆಸರ್, ನಂಬಿಕಸ್ಥ ಮಾರ್ಮನ್ ಕೂಡ. ಯೌವನದಲ್ಲಿ ಸ್ಮಿತ್ ನಿಧಿ ಹುಡುಕಿದ್ದು, ಕಾಣದ್ದನ್ನು ಕಾಣಲು ಟೋಪಿಯೊಳಗೆ ಕಲ್ಲಿಟ್ಟು ನೋಡಿದ್ದು, ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಪಂಥದ ಗ್ರಂಥ 'ಬುಕ್ ಆಫ್ ಮಾರ್ಮನ್' ಅನ್ನು ಯಾವುದರಿಂದ ಅನುವಾದಿಸಿದೆ ಅಂತ ಸ್ಮಿತ್ ಹೇಳಿದ್ದರೋ, ಆ ಚಿನ್ನದ ತಗಡುಗಳ ವಿಷಯ ಬಂದಾಗ ಮಾತ್ರ ಅವು ನಿಜವಾಗಿ ಇದ್ದ ಹಾಗೇ ಕಥೆ ಸಾಗಿಸುತ್ತಾರೆ. ಕಾಗದಪತ್ರದ ವಿಷಯದಲ್ಲಿ ನಾನು ಬುಶ್‌ಮನ್‌ರನ್ನು ನಂಬುತ್ತೇನೆ, ತಗಡಿನ ವಿಷಯದಲ್ಲಿ ಇಲ್ಲ.

ಭಕ್ತರ ಪುಸ್ತಕ ಕೈಗೆ ಸಿಕ್ಕರೆ ಮೊದಲು ಸ್ಮಿತ್ ಕೊನೆಯ ವರ್ಷಗಳನ್ನು ಕಳೆದ, ಇಲಿನಾಯ್‌ನ ನೌವೂ (Nauvoo) ಊರಿನ ಅಧ್ಯಾಯಗಳನ್ನು ತೆರೆಯಿರಿ. ಹೆಲೆನ್ ಮಾರ್ ಕಿಂಬಲ್ ಹೆಸರಿದೆಯಾ ನೋಡಿ. ಸ್ಮಿತ್ ಜೊತೆ ವಿವಾಹವಿಧಿ ನಡೆದಾಗ ಆಕೆಗೆ 15 ತುಂಬಲು ಇನ್ನೂ ಕೆಲವು ತಿಂಗಳಿತ್ತು. 2014ರಲ್ಲಿ ಪಂಥವೇ ಇದನ್ನು ಲೇಖನದಲ್ಲಿ ಒಪ್ಪಿಕೊಂಡಿತು. ಅದಕ್ಕಿಂತ ಮೊದಲೇ, ಯಾರೂ ಕೇಳದಿದ್ದರೂ, ಆ ವಯಸ್ಸನ್ನು ಬರೆದಿಟ್ಟ ಭಕ್ತರಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.