ಊರಂಚಿನವರಿಗೆ ಸಂದ ಗೌರವ: ಆರ್ನೋಸ್ ಗ್ರೋವ್

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಪಿಕಡಿಲಿ ಮಾರ್ಗದಲ್ಲಿ ಉತ್ತರಕ್ಕೆ ಹೊರಟ ರೈಲು, ನಗರದ ನಡುಭಾಗವನ್ನೆಲ್ಲ ನೆಲದಡಿಯಲ್ಲೇ ಹಾದು, ಕೊನೆಗೆ ಸುರಂಗದಿಂದ ಹೊರಬಂದು ಹಗಲು ಬೆಳಕಿನಲ್ಲಿ ನಿಲ್ಲುವ ನಿಲ್ದಾಣವೇ ಆರ್ನೋಸ್ ಗ್ರೋವ್. ಉಪನಗರದ ನಿಲ್ದಾಣಕ್ಕೆ ಒಂದು ಸೂರು, ಒಂದು ಟಿಕೆಟ್ ಕಿಂಡಿ ಇದ್ದರೆ ಸಾಕು ಎನ್ನುವವರಿಗೆ ನಾನು ಈ ಕಟ್ಟಡವನ್ನು ತೋರಿಸಬಯಸುತ್ತೇನೆ.

ಮೊದಲು ಈ ಮಾರ್ಗ ಫಿನ್ಸ್‌ಬರಿ ಪಾರ್ಕ್‌ನಲ್ಲೇ ಮುಗಿಯುತ್ತಿತ್ತು. ಅದರಾಚೆ ವಾಸಿಸುವವರು ದಿನವೂ ಅಲ್ಲಿಳಿದು ಟ್ರಾಮು, ಬಸ್ಸುಗಳಿಗೆ ಮುಗಿಬೀಳಬೇಕಿತ್ತು. ಜನರ ಒತ್ತಾಯ ವರ್ಷಗಟ್ಟಲೆ ನಡೆದ ಮೇಲೆ, ನಿರುದ್ಯೋಗ ನೀಗಿಸಲೆಂದು ಸರ್ಕಾರ 1929ರಲ್ಲಿ ತಂದ ಕಾಯ್ದೆಯ ನೆರವಿನಿಂದ ಮಾರ್ಗ ಮುಂದಕ್ಕೆ ಸಾಗಿ, 1932ರ ಸೆಪ್ಟೆಂಬರ್ 19ರಂದು ಆರ್ನೋಸ್ ಗ್ರೋವ್ ತಲುಪಿತು. ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲವದು. ಹಣದ ಕೊರತೆಯ ನೆಪ ಹೇಳಿ ತಗಡಿನ ಚಪ್ಪರ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲವೇನೋ.

ಆದರೆ ಭೂಗತ ರೈಲಿನ ಹೊಣೆ ಹೊತ್ತಿದ್ದ ಫ್ರಾಂಕ್ ಪಿಕ್ ಹಾಗೂ ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ 1930ರಲ್ಲಿ ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್‌ಗಳಿಗೆ ಹೋಗಿ ಹೊಸ ಕಟ್ಟಡಗಳನ್ನು ನೋಡಿ ಬಂದಿದ್ದರು. ಆರ್ನೋಸ್ ಗ್ರೋವ್‌ನ ದುಂಡನೆಯ ಟಿಕೆಟ್ ಸಭಾಂಗಣದಲ್ಲಿ ಸ್ಟಾಕ್‌ಹೋಮ್ ನಗರ ಗ್ರಂಥಾಲಯದ ಛಾಯೆ ಕಾಣುತ್ತದೆ. ಮುಖ್ಯವಾಗಿ ಬಳಸಿದ್ದು ಇಟ್ಟಿಗೆ, ಕಾಂಕ್ರೀಟು, ಗಾಜು. ಎತ್ತರದ ಕಿಟಕಿಗಳಿಂದ ಸುತ್ತಲೂ ಬೆಳಕು ಇಳಿಯುತ್ತದೆ. ಚಪ್ಪಟೆ ಛಾವಣಿಯ ಭಾರವನ್ನು ನಟ್ಟನಡುವಿನ ಒಂದೇ ಕಂಬ ಹೊತ್ತು ನಿಂತಿದೆ. ಕೆಲಸ ಮುಗಿಸಿ ದಣಿದು ಬರುವ ಗುಮಾಸ್ತನೂ ದಿನಕ್ಕೆರಡು ಬಾರಿ ಇಂಥ ಜಾಗದಲ್ಲಿ ಹಾದುಹೋಗಲಿ ಎಂದು ಯಾರೋ ಯೋಚಿಸಿದ್ದರಲ್ಲ, ಅದು ನನ್ನ ಮನಸ್ಸನ್ನು ಮುಟ್ಟುತ್ತದೆ.

ಕಟ್ಟಡಕ್ಕೆ 1971ರಲ್ಲಿ ಪಾರಂಪರಿಕ ರಕ್ಷಣೆ ದೊರೆತು, 2011ರಲ್ಲಿ ಅದರ ದರ್ಜೆಯೂ ಏರಿದೆ. ಅದು ಸಂತೋಷದ ವಿಷಯವೇ. ಆದರೆ ಆ ಕಂಬದ ಬುಡದಲ್ಲಿ, ಕಂಬವನ್ನು ಸುತ್ತುವರಿದಂತೆ, ಪ್ಯಾಸಿಮೀಟರ್ ಎಂಬ ಟಿಕೆಟ್ ಗೂಡು ಇದೆ. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುತ್ತಿದ್ದುದು ಅಲ್ಲಿ ಕುಳಿತ ಸಿಬ್ಬಂದಿಯ ಮೇಲೆ. ಹೋಲ್ಡನ್ ಇಡೀ ವೃತ್ತವನ್ನು ಒಬ್ಬ ಮನುಷ್ಯನ ಸುತ್ತ ಎಳೆದಿದ್ದರು ಎನ್ನಬಹುದು. ಈಗ ಟಿಕೆಟನ್ನು ಯಂತ್ರ ಕೊಡುತ್ತದೆ, ಗೂಡಿನಲ್ಲಿ ಟಿಕೆಟ್ ಕೊಡುವವರಿಲ್ಲ. ಗೋಡೆಯನ್ನು ಕಾಪಾಡಿದಷ್ಟೇ ಕಾಳಜಿಯಿಂದ ಆ ಗೂಡಿನಲ್ಲಿ ಮತ್ತೆ ಒಬ್ಬರನ್ನು ಕೂರಿಸಬೇಕು, ದಾರಿ ಕೇಳುವವರಿಗೆ, ಮೆಟ್ಟಿಲಿಳಿಯಲು ನೆರವು ಬೇಕಾದವರಿಗೆ ಅವರು ಅಲ್ಲಿ ಸಿಗುವಂತಿರಬೇಕು ಎಂಬುದು ನನ್ನ ಒತ್ತಾಯ.