ಎರಡನೇ ಸಲ ಕೈ ಯಾರದು ಅಂತ ಕೇಳಿ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಮಗುವಿನ ಸೀಳು ಅಂಗುಳಕ್ಕೆ, ಅಂದರೆ ಬಾಯಿಯ ಮೇಲ್ಭಾಗದ ಸೀಳಿಗೆ, ಎರಡನೇ ಸಲ ಆಪರೇಷನ್ ಆಗುವುದಾದರೆ ಸೀನಿಯರ್ ಡಾಕ್ಟರೇ ಮಾಡಲಿ ಅಂತ ಕೇಳಿಕೊಳ್ಳಿ ಅಂತ ಹೋದ ವಾರ ಹೇಳಿದ್ದೆ. ಆ ಕಂತಿಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಮೇಡಂ, ಆಪರೇಷನ್ ಯಾರು ಮಾಡಬೇಕು ಅಂತ ಹೇಳೋಕೆ ನೀವ್ಯಾರು? ಆಸ್ಪತ್ರೆ ಏನು ಹೋಟೆಲ್ಲಾ, ಮೆನು ನೋಡಿ ಆರ್ಡರ್ ಮಾಡೋಕೆ?"

ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹೋಟೆಲ್‌ನಲ್ಲಿ ದೋಸೆ ಸೀದರೆ ಇನ್ನೊಂದು ದೋಸೆ ಬರುತ್ತದೆ ಸ್ವಾಮಿ. ಮಗುವಿನ ಅಂಗುಳ ಇನ್ನೊಂದು ಬರುವುದಿಲ್ಲ.

ಹೋದ ವಾರ ಕೇಳದವರಿಗೆ ಹೇಳಿಬಿಡುತ್ತೇನೆ. ನನ್ನ ಅಣ್ಣನ ಮಗ ಹುಟ್ಟುವಾಗಲೇ ಅಂಗುಳ ಸೀಳಿತ್ತು. ಇದು ಅಪರೂಪವೇನಲ್ಲ. ಸೀಳುತುಟಿ, ಸೀಳು ಅಂಗುಳ ಎರಡನ್ನೂ ಸೇರಿಸಿದರೆ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಇರುತ್ತದೆ. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಆಯಿತು. ಮನೆಯಲ್ಲಿ ಪಾಯಸ ಮಾಡಿದೆವು. ಕೆಲವು ವಾರ ಕಳೆಯುವಷ್ಟರಲ್ಲಿ ಹೊಲಿಗೆ ಹಾಕಿದ ಕಡೆ ಒಂದು ತೂತು ಬಿತ್ತು. ಬಟಾಣಿ ಕಾಳಿಗಿಂತ ಚಿಕ್ಕದು. ಆದರೆ ಸಾರನ್ನ ತಿನ್ನಿಸಿದರೆ ಸಾರು ಮೂಗಿನಿಂದ ಇಳಿಯುತ್ತಿತ್ತು.

ಮಾತು ಕಲಿಯುವ ವಯಸ್ಸಿಗೆ ಇನ್ನೊಂದು ಕಷ್ಟ ಗೊತ್ತಾಯಿತು. ಪ ಫ ಬ ಭ ಮ ಅಂತ ನಾವು ಐದು ಅಕ್ಷರ ಬರೆಯುತ್ತೇವೆ ಅಲ್ವಾ? ಅವನ ಬಾಯಲ್ಲಿ ಐದೂ ಮ. "ಪಾಪು ಬಾ" ಅನ್ನಲು ಹೋದರೆ "ಮಾಮು ಮಾ" ಅಂತ ಬರುತ್ತಿತ್ತು. ದಾರ ಅಂದರೆ ನಾರ. ಸ್ಪೀಚ್ ಥೆರಪಿಸ್ಟ್ ಒಂದು ಪುಟ್ಟ ಕನ್ನಡಿಯನ್ನು ಅವನ ಮೂಗಿನ ಕೆಳಗೆ ಹಿಡಿದು, "ಪ ಪ ಪ ಹೇಳು ಪುಟ್ಟ" ಅಂದರು. ಅವನು ಹೇಳಿದ. ಕನ್ನಡಿ ಮಂಜು ಮಂಜಾಯಿತು. ಪ ಅನ್ನುವಾಗ ಉಸಿರು ಬಾಯಿಂದ ಬರಬೇಕು, ಅವನಿಗೆ ಮೂಗಿನಿಂದ ಸೋರುತ್ತಿತ್ತು. ಅತ್ತಿಗೆ ಸೆರಗಿನಿಂದ ಆ ಕನ್ನಡಿ ಒರೆಸಿಕೊಟ್ಟರು. ಇನ್ನೊಮ್ಮೆ ಹೇಳಿಸಿದರು. ಮತ್ತೆ ಮಂಜು.

ಹಾಗಾಗಿ ಎರಡನೇ ಆಪರೇಷನ್. ನಾನು ಇವತ್ತು ಹೇಳಬೇಕಾದ್ದು ಒಂದೇ ಮಾತು. ಎರಡನೇ ಸಲ ಅಂದ ತಕ್ಷಣ ಕೇಳಿ: ಕೈ ಯಾರದು?

ಎರಡನೆಯದು ಮೊದಲಿನದರ ಹಾಗಲ್ಲ. ಮೊದಲ ಸಲ ಮಾಂಸ ಮೆತ್ತಗಿರುತ್ತದೆ, ಎಳೆದರೆ ಬರುತ್ತದೆ. ಸರ್ಜನ್ ಎರಡೂ ಪಕ್ಕದಿಂದ ಅಂಗುಳದ ಪದರ ಬಿಡಿಸಿ ನಡುವಿಗೆ ತಂದು ಹೊಲಿಯುತ್ತಾರೆ. ಮೂಗಿನ ಕಡೆಯ ಪದರ, ನಡುವೆ ಸ್ನಾಯು, ಬಾಯಿಯ ಕಡೆಯ ಪದರ. ಎರಡನೇ ಸಲ ಅದೇ ಜಾಗ ಗಾಯ ಮಾಗಿ ಗಟ್ಟಿಯಾಗಿರುತ್ತದೆ. ಎಳೆದರೆ ಬರುವುದಿಲ್ಲ. ರಕ್ತ ಸರಿಯಾಗಿ ಓಡುವುದಿಲ್ಲ. ಆ ಪದರಕ್ಕೆ ರಕ್ತ ಕೊಡುವ ದೊಡ್ಡ ನಾಳ ಅಂದರೆ ಎರಡು ಪಕ್ಕಕ್ಕೆ ಒಂದೊಂದು. ಗಾಯದ ಗಂಟಿನೊಳಗೆ ಬಿಡಿಸುವಾಗ ಅದಕ್ಕೆ ಪೆಟ್ಟು ಬಿದ್ದರೆ ಪದರವೇ ಸಾಯಬಹುದು. ಆಗ ತೂತು ಮುಚ್ಚುವುದಿರಲಿ, ಇನ್ನೂ ದೊಡ್ಡದಾಗುತ್ತದೆ. ತೂತು ತೀರಾ ದೊಡ್ಡದಾಗಿ, ಸುತ್ತ ಮಾಂಸ ಸಾಲದೆ ಹೋದರೆ ಕೊನೆಗೆ ನಾಲಿಗೆಯಿಂದ ತೆಗೆಯಬೇಕಾಗುತ್ತದೆ. ನಾಲಿಗೆಯ ಒಂದು ಪಟ್ಟಿಯನ್ನು ಎಬ್ಬಿಸಿ ಅಂಗುಳಕ್ಕೆ ಹೊಲಿದು, ಸುಮಾರು ಎರಡು ಮೂರು ವಾರ ಹಾಗೇ ಬಿಟ್ಟು, ಆಮೇಲೆ ಬೇರ್ಪಡಿಸುತ್ತಾರೆ. ಅಷ್ಟು ದಿನ ಮಗುವಿನ ನಾಲಿಗೆ ಅಂಗುಳಕ್ಕೆ ಕಟ್ಟಿಹಾಕಿದ ಹಾಗೆ. ಯೋಚನೆ ಮಾಡಿ.

ಟೈಲರ್ ಬ್ಲೌಸ್ ಕೆಡಿಸಿದರೆ ನಾವು ಏನು ಮಾಡುತ್ತೇವೆ? "ಹುಡುಗನ ಕೈಗೆ ಕೊಡಬೇಡಿ ಮಾಸ್ಟರೇ, ನೀವೇ ನೋಡಿ" ಅಂತ ಅಂಗಡಿಯಲ್ಲಿ ನಿಂತು ಹೇಳುತ್ತೇವೆ. ಒಮ್ಮೆ ಕತ್ತರಿಸಿದ ಬಟ್ಟೆ, ಒಳಗೆ ಬಿಟ್ಟಿರುವುದೇ ಅರ್ಧ ಇಂಚು ಅಂತ ನಮಗೆ ಗೊತ್ತು. ಬ್ಲೌಸಿಗೆ ಇರುವ ಬಾಯಿ ಮಗುವಿಗೆ ಯಾಕೆ ಇಲ್ಲ?

ನೀರು ಕುಡಿಯುತ್ತೇನೆ ಒಂದು ನಿಮಿಷ. ಅಷ್ಟರಲ್ಲಿ ನೀವು ಸಬ್‌ಸ್ಕ್ರೈಬ್ ಮಾಡಿ. ಕೇಳುವವರು ಜಾಸ್ತಿ, ಬಟನ್ ಒತ್ತುವವರು ಕಮ್ಮಿ. ಈ ಕಂತನ್ನು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಹಾಕಿ, ಗುಡ್ ಮಾರ್ನಿಂಗ್ ಹೂವಿನ ಜೊತೆಗೆ ಹೋಗಲಿ.

ಸರಿ. ನಮ್ಮ ಕಡೆ ಒಂದು ಮಾತಿದೆ, ಕೈಗುಣ. "ಆ ಡಾಕ್ಟರ್ ಕೈಗುಣ ಚೆನ್ನಾಗಿದೆ" ಅಂತ ನೆಗಡಿಗೂ ನಾಲ್ಕು ಬೀದಿ ದಾಟಿ ಹೋಗುತ್ತೇವೆ. ಒಂದು ಇಂಜೆಕ್ಷನ್‌ಗೆ ಕೈಗುಣ ನೋಡುವ ಜನ, ಮಗುವಿನ ಬಾಯೊಳಗೆ ಎರಡನೇ ಸಲ ಕತ್ತಿ ಹೋಗುವಾಗ ಆ ಕೈ ಯಾರದು ಅಂತ ಕೇಳುವುದಿಲ್ಲ! ಇನ್ನೊಂದು ಹೇಳುತ್ತೇನೆ. ಸೀಳು ಅಂಗುಳದ ಮಗು ಹುಟ್ಟಿದರೆ ಊರಿನವರು ಮೊದಲು ಹಿಡಿಯುವುದು ತಾಯಿಯನ್ನು. ಗ್ರಹಣದ ದಿನ ಕತ್ತಿ ಹಿಡಿದೆಯಾ, ಕತ್ತರಿ ಹಿಡಿದೆಯಾ, ತರಕಾರಿ ಹೆಚ್ಚಿದೆಯಾ? ನಮ್ಮ ಅತ್ತಿಗೆ ಇದನ್ನು ಎಷ್ಟು ಸಲ ಕೇಳಿಸಿಕೊಂಡರೋ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗ್ರಹಣದ ದಿನ ಅಡುಗೆಮನೆಯಲ್ಲಿ ಕತ್ತಿ ಹಿಡಿದದ್ದು ಯಾರು ಅಂತ ವಿಚಾರಣೆ ಮಾಡುವ ನೆಂಟರು, ಆಪರೇಷನ್ ದಿನ ಕತ್ತಿ ಹಿಡಿಯುವುದು ಯಾರು ಅಂತ ಒಬ್ಬರೂ ಕೇಳಲಿಲ್ಲ. ಒಬ್ಬರೂ!

ಈಗ ನೀವು ಹೇಳುವುದು ನನಗೆ ಗೊತ್ತು. "ಚಿಕ್ಕ ಡಾಕ್ಟರುಗಳು ಕಲಿಯುವುದು ಬೇಡವಾ?" ಕಲಿಯಲಿ. ಎದುರಿಗೆ ನಿಂತು ನೋಡಿ ಕಲಿಯಲಿ, ಮೊದಲ ಸಲದ ಕೇಸಿನಲ್ಲಿ ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಲಿ. ಒಮ್ಮೆ ಸೋತ ಅಂಗುಳ ಕಲಿಯುವ ಪಾಟಿ ಅಲ್ಲ.

"ಸೀನಿಯರ್ ಅಂದರೆ ವಯಸ್ಸಾದವರು, ಅವರ ಕೈ ನಡುಗಿದರೆ?" ಅಯ್ಯೋ, ನಾನು ಬಿಳಿ ಕೂದಲು ಎಣಿಸಿ ಅಂದೆನಾ? ಇದೇ ಆಪರೇಷನ್, ಇದೇ ಎರಡನೇ ಸಲದ್ದು, ಎಷ್ಟು ಮಾಡಿದ್ದಾರೆ ಅಂತ ಕೇಳಿ ಅಂದೆ. ನಲವತ್ತರ ಡಾಕ್ಟರ್ ನೂರಾರು ಮಾಡಿರಬಹುದು. ಅರವತ್ತರವರು ವರ್ಷಕ್ಕೆ ಎರಡು ಮಾಡುತ್ತಿರಬಹುದು. ಈ ಕೆಲಸಕ್ಕೆ ಯಾರ ಕೈ ಪಳಗಿದೆಯೋ ನನ್ನ ಲೆಕ್ಕದಲ್ಲಿ ಅವರೇ ಸೀನಿಯರ್.

"ಡಾಕ್ಟರಿಗೆ ಸಿಟ್ಟು ಬಂದರೆ?" ನಮ್ಮ ಮನೆಯಲ್ಲೂ ಇದೇ ಭಯ. ಅಡ್ಮಿಟ್ ಆದ ದಿನ ಫಾರ್ಮ್ ತಂದು ಇಲ್ಲಿ ಸಹಿ ಹಾಕಿ ಅಂದರು. ಯಾರು ಮಾಡುತ್ತಾರೆ ಅಂದೆ. "ಟೀಮ್ ಮಾಡುತ್ತದೆ" ಅಂತ ಉತ್ತರ. ಟೀಮಿಗೆ ಹೆಸರಿಲ್ಲವಾ? ಅಣ್ಣ ನನ್ನ ಕೈ ಚಿವುಟಿದ, ಸುಮ್ನೆ ಇರು ಅಂತ. ನಾನು ಸುಮ್ಮನಿರಲಿಲ್ಲ. ಯೂನಿಟ್‌ನ ಮುಖ್ಯಸ್ಥರ ಕೋಣೆಯ ಮುಂದೆ ಎರಡು ಗಂಟೆ ಕೂತೆ. ಒಳಗೆ ಕರೆದಾಗ ಹೇಳಿದ್ದು ಇಷ್ಟೇ: "ಸರ್, ಇದು ಎರಡನೇ ಸಲ. ದಯವಿಟ್ಟು ನೀವೇ ಮಾಡುತ್ತೀರಾ?" ಅವರು ಸಿಟ್ಟಾಗಲಿಲ್ಲ. ಚೀಟಿಯ ಹಿಂದೆ ಅಂಗುಳದ ಚಿತ್ರ ಬರೆದು, ತೂತು ಎಲ್ಲಿ, ಎಲ್ಲಿಂದ ಬಿಡಿಸುತ್ತೇನೆ ಅಂತ ತೋರಿಸಿದರು. "ಮಾಡುತ್ತೇನೆ, ಆದರೆ ಐದು ವಾರ ಕಾಯಬೇಕು" ಅಂದರು. ಕಾದೆವು. ಆ ಚೀಟಿ ಇವತ್ತಿಗೂ ಅತ್ತಿಗೆಯ ಬೀರುವಿನಲ್ಲಿದೆ.

ಇಂಥವರೇ ಮಾಡಬೇಕು ಅಂತ ಕಾನೂನು ತೋರಿಸಿ ಹಠ ಹಿಡಿಯಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ತಿಳಿದುಕೊಳ್ಳುವ ಹಕ್ಕು ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ 17 ಹಕ್ಕುಗಳ ಪಟ್ಟಿ ಮಾಡಿತು. ಚಿಕಿತ್ಸೆ ಕೊಡುವವರು ಯಾರು, ಅವರ ಅರ್ಹತೆ ಏನು ಅಂತ ತಿಳಿಯುವುದು ಅದರಲ್ಲಿದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದೂ ಇದೆ. ಮೊದಲ ಆಪರೇಷನ್ನಿನ ಕಾಗದ ಕೇಳಿ ಇಸಿದುಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ. ಎರಡನೇ ಸಲ ಮಾಡುವವರಿಗೆ ಆ ಕಾಗದ ಬೇಕೇ ಬೇಕು. ಮೊದಲು ಯಾವ ಪದರ ಎಲ್ಲಿಂದ ತಂದರು ಅಂತ ಗೊತ್ತಾಗಬೇಕಲ್ಲ.

"ದುಡ್ಡಿದ್ದವರು ಕೇಳುತ್ತಾರೆ, ಬಡವರು ಹೇಗೆ ಕೇಳುವುದು?" ಈ ಮಾತು ಕೇಳಿದರೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ಈ ಆಪರೇಷನ್ ಬಿಟ್ಟಿ ಮಾಡುವ ಆಸ್ಪತ್ರೆಗಳು ನಮ್ಮಲ್ಲೇ ಇವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾತಿನ, ಕಿವಿಯ ತೊಂದರೆಗಳನ್ನೇ ನೋಡುತ್ತಿದೆ. ಬಿಟ್ಟಿ ಮಾಡಿದರೂ ಮಗುವಿಗೆ ಇರುವುದು ಒಂದೇ ಬಾಯಿ. ಕೂಲಿ ಮಾಡುವ ಅಮ್ಮನೂ ಕೇಳಬೇಕು. ಕೈ ಮುಗಿದು ಕೇಳಲಿ, ಕಣ್ಣೀರು ಹಾಕಿಕೊಂಡು ಕೇಳಲಿ, ಆದರೆ ಕೇಳಲಿ. ಕೈ ಯಾರದು ಸರ್? ಅಷ್ಟೇ. ಎರಡು ಸೆಕೆಂಡಿನ ಪ್ರಶ್ನೆ.

ಯಾರೂ ಕೇಳದೆ ಇದ್ದರೆ "ಟೀಮ್" ಅನ್ನುವ ಉತ್ತರವೇ ಸಾಕು ಅಂತ ಆಗಿಬಿಡುತ್ತದೆ. ನನಗೆ ಸಾಕಾಗಿಲ್ಲ. ನಿಮಗೂ ಸಾಕಾಗಬಾರದು.

ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ವಿಡಿಯೋದ ಕೆಳಗೆ ಹಾಕಿದ್ದೇನೆ, ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ವಾರ ಒಬ್ಬ ಸ್ಪೀಚ್ ಥೆರಪಿಸ್ಟ್ ಬರುತ್ತಿದ್ದಾರೆ, ತಪ್ಪಿಸಬೇಡಿ. ಕಾಮೆಂಟ್ ಹಾಕಿದ ಅಣ್ಣಾ, ನಿಮ್ಮ ಮನೆಯ ಮಗುವಿಗೆ ಈ ಕಷ್ಟ ಬರುವುದು ಬೇಡ. ಬಂದರೆ ನನಗೆ ಹೇಳಿ, ಆ ಕೋಣೆಯ ಮುಂದೆ ನಿಮ್ಮ ಜೊತೆ ನಾನೂ ಬಂದು ಕೂರುತ್ತೇನೆ.

ಹಿಂದೆ ಸದ್ದು ಕೇಳಿಸುತ್ತಿದೆಯಾ? ಅವನೇ, ನಮ್ಮ ಪುಟ್ಟ. ಬಾಗಿಲು ಬಡಿಯುತ್ತಿದ್ದಾನೆ. "ಅತ್ತೆ, ಬಾಗಿಲು" ಅನ್ನುತ್ತಿದ್ದಾನೆ. ಮಾಗಿಲು ಅಲ್ಲ, ಬಾಗಿಲು. ಇರಿ, ತೆಗೆದು ಬರುತ್ತೇನೆ.