ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತಿಕೊಳ್ಳುತ್ತಾ? ಹಳೇ ಟ್ರಾಕ್ಟರ್‌ಗೆ ಟ್ರೈಲರ್ ಲೈಟ್ ವೈರಿಂಗ್

[ದೃಶ್ಯ: ರಾತ್ರಿ ರಸ್ತೆ. ಮುಂದೆ ಕಬ್ಬು ತುಂಬಿದ ಟ್ರೈಲರ್. ಹಿಂದೆ ಒಂದೂ ಲೈಟಿಲ್ಲ.]

ನಮಸ್ಕಾರ. ಬೆಳಗಾವಿ, ಬಾಗಲಕೋಟೆ ಕಡೆ ಚಳಿಗಾಲದ ರಾತ್ರಿ ಬೈಕ್ ಓಡಿಸಿದವರಿಗೆ ಇದು ಗೊತ್ತು. ಒಂದು ಟ್ರಾಕ್ಟರ್, ಹಿಂದೆ ಎರಡು ಟ್ರೈಲರ್, ಮೇಲೆ ಕಬ್ಬು. ತೀರಾ ಹತ್ತಿರ ಹೋಗುವ ತನಕ ಅಲ್ಲೊಂದು ಗಾಡಿ ಇದೆ ಅಂತಲೇ ತಿಳಿಯುವುದಿಲ್ಲ. ಎಷ್ಟೋ ಮಂದಿ ಲೈಟ್ ಹಾಕಿಸಿರುತ್ತಾರೆ, ಆದರೆ ತಿಂಗಳೊಳಗೆ ಕೆಟ್ಟಿರುತ್ತೆ. ಬಲ್ಬ್ ಬದಲಿಸಿದರೂ ಸರಿಹೋಗಲ್ಲ. ಯಾಕಂದ್ರೆ ತೊಂದರೆ ಬಲ್ಬಿನಲ್ಲಿಲ್ಲ, ಅರ್ತ್‌ನಲ್ಲಿದೆ, ಅಂದ್ರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ.

[ದೃಶ್ಯ: ಟ್ರಾಕ್ಟರ್ ಹಿಂದಿನ ಏಳು ಪಿನ್ ಸಾಕೆಟ್.]

ಸಾಕೆಟ್ ಒಳಗೆ ನಂಬರ್ ಇರುತ್ತೆ. 1 ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್. 6 ಬ್ರೇಕ್. 7 ಎಡ ಟೈಲ್ ಲೈಟ್, 5 ಬಲ ಟೈಲ್ ಲೈಟ್. 3 ಅರ್ತ್. ಹಳೇ ಗಾಡಿಯಲ್ಲಿ ವೈರಿನ ಬಣ್ಣ ನಂಬಬೇಡಿ, ಯಾರ್ಯಾರೋ ಕೈಯಾಡಿಸಿರುತ್ತಾರೆ. ಟೆಸ್ಟ್ ಲ್ಯಾಂಪಿನ, ಅಂದ್ರೆ ಎರಡು ವೈರ್ ಕಟ್ಟಿದ ಬಲ್ಬಿನ, ಒಂದು ತುದಿ ಬ್ಯಾಟರಿ ಮೈನಸ್‌ಗೆ ಕಟ್ಟಿ. ಒಂದೊಂದೇ ಸ್ವಿಚ್ ಹಾಕುತ್ತಾ, ಇನ್ನೊಂದು ತುದಿಯಿಂದ ಪಿನ್ ಮುಟ್ಟಿ ನೋಡಿ. ಲ್ಯಾಂಪ್ ಹೊತ್ತಿದರೆ ಅದು ಆ ಸ್ವಿಚ್ಚಿನ ಪಿನ್.

[ದೃಶ್ಯ: ಟ್ರೈಲರ್ ಕೊಂಡಿ, ಪಿನ್ನು. ಗ್ರೀಸ್, ತುಕ್ಕು.]

ಈಗ ಮುಖ್ಯ ವಿಷಯ. ತುಂಬಾ ಜನ 3ನೇ ಪಿನ್ನಿಗೆ ವೈರೇ ಎಳೆಯುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದೆಯಲ್ಲ, ಕೊಂಡಿಯಿಂದಲೇ ಅರ್ತ್ ಬರುತ್ತೆ ಅಂತಾರೆ. ಶೆಡ್‌ನಲ್ಲಿ ನಿಂತಾಗ ಬರುತ್ತೆ ಕೂಡ. ಗುಂಡಿ ಬಿದ್ದ ರಸ್ತೆಯಲ್ಲಿ ಆ ಕೊಂಡಿಯ ಪಿನ್ನು ಕುಣಿಯುತ್ತೆ. ಗ್ರೀಸ್, ಮಣ್ಣು, ತುಕ್ಕು ಮಧ್ಯೆ ಕೂತಿರುತ್ತೆ. ಅರ್ತ್ ಬಿಟ್ಟು ಬಿಟ್ಟು ಸಿಗುತ್ತೆ.

ಆಗ ಬ್ರೇಕ್ ಒತ್ತಿದರೆ ಏನಾಗುತ್ತೆ ನೋಡಿ. ಕರೆಂಟು ಬ್ರೇಕ್ ಬಲ್ಬಿನೊಳಗೆ ಹೋಯಿತು. ವಾಪಸ್ ಹೋಗಲು ದಾರಿ ಇಲ್ಲ. ಅದು ಪಕ್ಕದ ಇಂಡಿಕೇಟರ್ ಬಲ್ಬಿಗೆ ನುಗ್ಗುತ್ತೆ, ಅದರ ವೈರ್ ಹಿಡಿದು ಟ್ರಾಕ್ಟರಿಗೇ ತಿರುಗಿ ಬರುತ್ತೆ, ಅಲ್ಲಿನ ಇಂಡಿಕೇಟರ್ ಬಲ್ಬಿನ ಮೂಲಕ ಅರ್ತ್ ಸೇರುತ್ತೆ. ದಾರಿಯಲ್ಲಿರುವ ಎಲ್ಲ ಬಲ್ಬೂ ಮಂಕಾಗಿ ಉರಿಯುತ್ತೆ. ನಮ್ಮ ಟ್ರೈಲರ್‌ನಲ್ಲಿ ಹೀಗಾದಾಗ ನಾನು ಎರಡು ದಿನ ಸ್ವಿಚ್ ಬಿಚ್ಚಿ ಕೂತಿದ್ದೆ!

[ದೃಶ್ಯ: ಬಣ್ಣ ಕೆರೆದು ಬೋಲ್ಟ್ ಬಿಗಿಯುವುದು.]

ಪ್ರತಿ ಲೈಟಿನಿಂದಲೂ ಅರ್ತ್ ವೈರ್ ತಂದು 3ನೇ ಪಿನ್ನಿಗೆ ಸೇರಿಸಿ. ಟ್ರೈಲರ್ ಚಾಸಿಗೂ ಒಂದು ಕಡೆ ಬಿಗಿಯಿರಿ. ಬಿಗಿಯುವ ಜಾಗದ ಬಣ್ಣ ಹೊಳೆಯುವ ತನಕ ಕೆರೆಯಿರಿ. ಈ ವೈರ್ ಉಳಿದವಕ್ಕಿಂತ ದಪ್ಪ ಇರಲಿ. ಲೆಕ್ಕ ಸುಲಭ: ಎರಡು ಬ್ರೇಕ್ 42 ವಾಟ್, ಎರಡು ಟೈಲ್ 10, ಒಂದು ಇಂಡಿಕೇಟರ್ 21. ಒಟ್ಟು 73 ವಾಟ್. 12 ವೋಲ್ಟಿಗೆ ಸುಮಾರು 6 ಆಂಪಿಯರ್. ಅಷ್ಟೂ ಈ ಒಂದೇ ವೈರಿನಲ್ಲಿ ವಾಪಸ್ ಹೋಗಬೇಕು. ಉಳಿದದ್ದು 1.5 ಸ್ಕ್ವೇರ್ ಎಂಎಂ ಇದ್ದರೆ ಇದನ್ನು 2.5 ಹಾಕಿ. ಎರಡು ಟ್ರೈಲರ್ ಇದ್ದರೆ 4.

ಮೀಟರ್ ಇದ್ದರೆ ಬ್ರೇಕ್ ಒತ್ತಿ ಹಿಡಿದು, ಬ್ಯಾಟರಿ ಮೈನಸ್‌ನಿಂದ ಲೈಟಿನ ಹೋಲ್ಡರ್ ಅರ್ತ್‌ಗೆ ವೋಲ್ಟ್ ನೋಡಿ. ಸೊನ್ನೆ ಹತ್ತಿರ ಇರಬೇಕು. 2, 3 ವೋಲ್ಟ್ ಬಂದರೆ ದಾರಿಯಲ್ಲಿ ಎಲ್ಲೋ ಜಾಯಿಂಟ್ ಸಡಿಲ ಇದೆ.

ಫ್ಲಾಷರ್, ಅಂದ್ರೆ ಇಂಡಿಕೇಟರ್ ಮಿನುಗಿಸುವ ಭಾಗದ ಬಗ್ಗೆ ಒಂದು ಮಾತು. ಬಲ್ಬ್ ಜಾಸ್ತಿಯಾದಾಗ ಹಳೇ ಕಾಲದ ಬಿಸಿಯಾಗಿ ಕೆಲಸ ಮಾಡುವ ಫ್ಲಾಷರ್ ಪಟಪಟ ಬಡಿದುಕೊಳ್ಳುತ್ತೆ. ಹೆಚ್ಚು ವಾಟ್ ತಡೆಯುವ ಎಲೆಕ್ಟ್ರಾನಿಕ್ ಫ್ಲಾಷರ್ ಕೇಳಿ ಹಾಕಿಸಿ.

ಬ್ರೇಕ್-ಟೈಲ್ ಡಬಲ್ ಬಲ್ಬನ್ನು ಬಲವಂತವಾಗಿ ತಿರುಗಿಸಬೇಡಿ. ಅದರ ಎರಡು ಮೊಳೆ ಮೇಲೆ ಕೆಳಗೆ ಇರುವುದು ಬೇಕಂತಲೇ. ತಿರುವುಮುರುವು ಕೂರಿಸಿದರೆ ಟೈಲ್ ಪ್ರಖರವಾಗಿ, ಬ್ರೇಕ್ ಮಂಕಾಗಿ ಹೊತ್ತುತ್ತೆ.

[ದೃಶ್ಯ: ಕತ್ತಲು. ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಟ್ರೈಲರ್ ಹಿಂದೆ.]

ಲೋಡ್ ತುಂಬಿದ ಮೇಲೆ, ಕತ್ತಲಾದಾಗ, ಒಬ್ಬರು ಬ್ರೇಕ್ ಒತ್ತಲಿ. ಇನ್ನೊಬ್ಬರು 50 ಹೆಜ್ಜೆ ಹಿಂದೆ ಹೋಗಿ ನೋಡಲಿ. ಕಬ್ಬಿನ ಸೋಗೆ ಇಳಿಬಿದ್ದು ಲೈಟ್ ಮುಚ್ಚಿದ್ದರೆ, ಹೊರಡುವ ಮುಂಚೆ ಅಲ್ಲೇ ಕುಡುಗೋಲಿನಿಂದ ಕತ್ತರಿಸಿ.